ಅರವತ್ತೊಂದಕ್ಕೆ ಒಂದು

ಸ್ಕಾರ್ವ್ ದ್ವೀಪ
3 ಸೆಪ್ಟೆಂಬರ್ 1972

ಪ್ರೀತಿಯ ತಂಗಿ ಗುನ್‌ವೋರ್‌ಗೆ, ಅಣ್ಣ ಆಸ್ಮುಂಡ್ ಬರೆಯುವುದು.

ನಿನ್ನ ಹೆಸರನ್ನು ಇಲ್ಲಿಯ ನಿವಾಸಿಗಳ ಪಟ್ಟಿಯಿಂದ ಓಸ್ಲೋ ಪಟ್ಟಿಗೆ ಬದಲಾಯಿಸಿಕೊಳ್ಳುತ್ತೇನೆ ಎಂದು ಬರೆದಿದ್ದೆಯಲ್ಲ, ಈ ವರ್ಷ ಬೇಡ. ದ್ವೀಪದ ತಲೆ ಎಣಿಕೆ ತೊಂಬತ್ತೇಳಕ್ಕೆ ಇಳಿದಿದೆ. ಇನ್ನೂ ಇಳಿದರೆ ದೋಣಿ ವಾರಕ್ಕೆ ಒಂದೇ ಸಲ, ಶಾಲೆಗೆ ಬೀಗ. ನೀನು ಎಲ್ಲಾದರೂ ಇರು, ನಿನ್ನ ತಲೆ ಇಲ್ಲೇ ಇರಲಿ. ಅಮ್ಮನಂತೂ, "ಅವ್ಳು ಹುಟ್ಟಿದ್ದು ಇಲ್ಲಿ, ಹೆಸ್ರು ಅದೆಲ್ಲಿಗೆ ಓಡಿಹೋಗುತ್ತೆ?" ಎಂದು ನನ್ನ ಮೇಲೇ ರೇಗಿದಳು.

ನಾಡು ಯುರೋಪಿನ ಒಕ್ಕೂಟ ಸೇರಬೇಕೋ ಬೇಡವೋ ಎಂದು ಇಪ್ಪತ್ತೈದಕ್ಕೆ ಮತ. ಇಲ್ಲಿಯ ಮತಗಟ್ಟೆಗೆ ನಿನ್ನ ಅಣ್ಣನೇ ಅಧ್ಯಕ್ಷ, ನಗಬೇಡ. ಜೊತೆಗಾತಿ ಓಲೌಗ್ ಅಜ್ಜಿ. ಮೊನ್ನೆ ಶಾಲೆಯಲ್ಲಿ ಸಭೆ ಮಾಡಿದೆವು. ಅಜ್ಜಿ ಎದ್ದು ನಿಂತು ಕೋಲು ಕುಟ್ಟಿದಳು. "ನಾನೂರು ವರ್ಷ ಡೆನ್ಮಾರ್ಕಿನ ದೊರೆ, ತೊಂಬತ್ತು ವರ್ಷ ಸ್ವೀಡನ್ನಿನ ದೊರೆ, ಐದು ವರ್ಷ ಜರ್ಮನ್ರು. ಇಷ್ಟು ಸಾಲ್ದು ಅಂತ ಈಗ ನಾವೇ ಬಾಗ್ಲು ತೆಗೆದು ಬನ್ನಿ ಸ್ವಾಮಿ ಅನ್ಬೇಕಾ? ಮೀನು ನಮ್ದು, ಬಲೆ ಅವ್ರದ್ದು. ವಂತಿಗೆ ನಮ್ದು, ಊಟ ಅವ್ರದ್ದು!" ಎಂದಳು. ಗೋಡೆ ಬಿದ್ದುಹೋಗುವ ಹಾಗೆ ಚಪ್ಪಾಳೆ.

ಚಪ್ಪಾಳೆ ತಟ್ಟದವರು ನೀನು ಕಳಿಸಿಕೊಟ್ಟ ಮೇಷ್ಟ್ರು ಒಬ್ಬರೇ. ಹಲ್ವಾರ್ಡ್ ಮೇಷ್ಟ್ರು ಎದ್ದು, "ಎರಡೂ ಕಡೆಯದ್ದು ಓದಿ ನೋಡಿ, ಆಮೇಲೆ ನಿಮಗೆ ತೋಚಿದ್ದು ಮಾಡಿ" ಎಂದರು. ಪಾಪ, ತಪ್ಪೇನಿಲ್ಲ, ಆದರೆ ಆ ಮಾತಿಗೆ ಅದು ಜಾಗವಲ್ಲ. ನನ್ನ ಮಗಳು ಬೋರ್ಗ್‌ಹಿಲ್ಡ್‌ಗೆ ಮಾತ್ರ ಮೇಷ್ಟ್ರು ಅಂದರೆ ದೇವರು. ಅಪ್ಪ ಹೇಳಿದ್ದು ಸುಳ್ಳು, ಮೇಷ್ಟ್ರು ಹೇಳಿದ್ದೇ ಸರಿ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಅವರು ಹಾರ್ಮೋನಿಯಂ ನುಡಿಸುವಾಗ ಅಮ್ಮ ಅವರ ಬೆನ್ನನ್ನೇ ನೋಡುತ್ತಾ ಏನೋ ಲೆಕ್ಕ ಹಾಕುತ್ತಾಳೆ. ಆ ಲೆಕ್ಕದಲ್ಲಿ ನಿನ್ನ ಹೆಸರೂ ಇದೆ, ಹುಷಾರು.

ಕ್ರಿಸ್ಮಸ್ಸಿಗೆ ಬಾ. 

ನಿನ್ನ ಅಣ್ಣ,
ಆಸ್ಮುಂಡ್

*

ಓಸ್ಲೋ
11 ಸೆಪ್ಟೆಂಬರ್ 1972

ಪ್ರೀತಿಯ ಅಣ್ಣ,

ಹೆಸರು ಅಲ್ಲೇ ಇರಲಿ. ಅಮ್ಮನಿಗೆ ಹೇಳು, ನನ್ನ ತಲೆಯನ್ನು ಜೋಪಾನ ಮಾಡಲಿ.

ನಿನ್ನ ಸಭೆಯ ಸಂಗತಿ ಓದಿ ನಕ್ಕೆ, ಆಮೇಲೆ ಸಿಟ್ಟೂ ಬಂತು. ನಾನು ಇಲ್ಲಿ ಸಚಿವಾಲಯದಲ್ಲಿ ದಿನವಿಡೀ ಒಕ್ಕೂಟದ ಕಾಗದಗಳನ್ನೇ ನಮ್ಮ ನುಡಿಗೆ ಇಳಿಸುವವಳು. ಅದರಲ್ಲಿ ದೊರೆಯೂ ಇಲ್ಲ, ದಂಡೂ ಇಲ್ಲ. ಹಾಲಿನ ದರ, ಉಕ್ಕಿನ ದರ, ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಸಿಗಬೇಕು, ಅಷ್ಟೇ. ಹೀಗೆ ದರಕ್ಕೆ ಜಗಳವಾಡುತ್ತಾ ಒಂದೇ ಮೇಜಿನ ಸುತ್ತ ಕೂತವರು ಒಬ್ಬರ ಹಡಗನ್ನು ಒಬ್ಬರು ಮುಳುಗಿಸುವುದಿಲ್ಲ. ಯುದ್ಧದಲ್ಲಿ ನಮ್ಮ ಅಪ್ಪನ ಹಡಗನ್ನು ಮುಳುಗಿಸಿದವರೂ ಈಗ ಆ ಮೇಜಿನಲ್ಲಿದ್ದಾರೆ, ಅದಕ್ಕೇ ನಾವೂ ಅಲ್ಲಿರಬೇಕು ಎನ್ನುವುದು ನನ್ನ ವಾದ. ಅದೇ ಅಪ್ಪನ ಹೆಸರು ಹೇಳಿ ನೀನು ಬೇಡ ಎನ್ನುತ್ತೀಯ. ಅಪ್ಪ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದನೋ ಏನೋ. ನನಗಂತೂ ಅವನ ಮುಖವೇ ನೆನಪಿಲ್ಲ.

ಒಳಗೆ ಕೂತರೆ ಮೀನಿನ ವಿಷಯದಲ್ಲೂ ಬಾಯಿ ಬಿಡಬಹುದು. ಹೊರಗೆ ನಿಂತವರ ಮಾತು ಬಾಗಿಲಿಗಷ್ಟೇ ಕೇಳಿಸುತ್ತದೆ. ಇದನ್ನು ಹೇಳಲು ಅಲ್ಲಿ ಹಲ್ವಾರ್ಡ್ ಒಬ್ಬನಾದರೂ ಇದ್ದಾನಲ್ಲ. ಅವನ ಮೇಲೆ ಕಣ್ಣಿಟ್ಟಿರು, ಮೆತ್ತಗಿನ ಮನುಷ್ಯ. ತರಬೇತಿ ಶಾಲೆಯಲ್ಲಿ ತನ್ನ ಪುಸ್ತಕವನ್ನು ಇನ್ನೊಬ್ಬ ಹೊತ್ತೊಯ್ದರೂ ಕೇಳುತ್ತಿರಲಿಲ್ಲ, ತಾನಾಗಿ ತಂದುಕೊಡುತ್ತಾನೆ ಎಂದು ಕಾಯುತ್ತಿದ್ದ.

ಹದಿನೆಂಟಕ್ಕೆ ಕಚೇರಿಯ ಕೆಲಸದ ಮೇಲೆ ಬ್ರಸೆಲ್ಸಿಗೆ ಹೋಗುತ್ತಿದ್ದೇನೆ. ಮತದ ದಿನ ಊರಲ್ಲಿರುವುದಿಲ್ಲ.

ನಿನ್ನ ತಂಗಿ,
ಗುನ್‌ವೋರ್

*

ಸ್ಕಾರ್ವ್ ದ್ವೀಪ
27 ಸೆಪ್ಟೆಂಬರ್ 1972

ಗುನ್‌ವೋರ್,

ಗೆದ್ದೆವು. ರೇಡಿಯೋದಲ್ಲಿ ನೀನೂ ಕೇಳಿರಬೇಕು. ಇಲ್ಲಿ ಹಬ್ಬ. ದೋಣಿಗಳಿಗೆಲ್ಲ ಬಾವುಟ ಕಟ್ಟಿದ್ದಾರೆ, ಅಮ್ಮ ಇಡೀ ಬೀದಿಗೆ ವಾಫಲ್ ಹುಯ್ದಳು.

ಎಣಿಕೆಯ ವಿಷಯ ಬರೆಯಬೇಕು. ಮತಗಟ್ಟೆ ಶಾಲೆಯಲ್ಲೇ ಇತ್ತು. ಅಂಚೆಯಲ್ಲಿ ಮೂರು ಲಕೋಟೆ ಮೊದಲೇ ಬಂದಿದ್ದವು, ಅವನ್ನೂ ಪೆಟ್ಟಿಗೆಗೆ ಹಾಕಿದೆ. ಸಂಜೆ ನಾನು ಚೀಟಿ ಬಿಚ್ಚಿ ಕೂಗಿದೆ. ಮೇಷ್ಟ್ರ ಅಕ್ಷರ ಚೆಂದ ಎಂದು ಕಪ್ಪು ಹಲಗೆಯ ಮೇಲೆ ಬರೆಯಲು ಅವರನ್ನೇ ನಿಲ್ಲಿಸಿದ್ದೆವು. ಬೇಡ, ಬೇಡ, ಬೇಡ. ಜನ ಒಂದೊಂದಕ್ಕೂ ನೆಲಕ್ಕೆ ಕಾಲು ಕುಟ್ಟುತ್ತಿದ್ದರು. ನಲವತ್ತೋ ನಲವತ್ತೊಂದೋ ಆದ ಮೇಲೆ ಒಂದು ಚೀಟಿ ಬಿಚ್ಚಿದೆ. ಬೇಕು.

ಕಾಲು ಕುಟ್ಟುವುದು ನಿಂತಿತು. ಕೊನೆಯಲ್ಲಿ ಹಲಗೆಯ ಮೇಲೆ ಉಳಿದದ್ದು ಬೇಡ ಅರವತ್ತೊಂದು, ಬೇಕು ಒಂದು. ಆ ಒಂದನ್ನು ಬರೆದ ಕೈಯನ್ನೇ ಎಲ್ಲರೂ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮೇಷ್ಟ್ರು ಬೆರಳಿನ ಸೀಮೆಸುಣ್ಣವನ್ನು ಕೋಟಿಗೆ ಒರೆಸಿಕೊಂಡರು. ಅಷ್ಟೇ ಸಾಕಾಯಿತು. ಹೊರಗೆ ಬರುವಾಗ ಓಲೌಗ್ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ, "ಎರಡೂ ಕಡೆ ಓದ್ದೋರು ಒಬ್ರೇ ಇದ್ರು ಬಿಡಿ" ಎಂದಳು.

ಯಾರು ಹಾಕಿದ್ದು ಎಂದು ಊರವರಿಗೆ ಈಗ ಸಂಶಯವೇ ಇಲ್ಲ. ನಿನಗೆ ಈ ಬಗ್ಗೆ ಏನಾದರೂ ತೋಚಿದರೆ ಬರೆ.

ಅಣ್ಣ

*

ಓಸ್ಲೋ
10 ಅಕ್ಟೋಬರ್ 1972

ಅಣ್ಣ,

ನಿಮಗೆಲ್ಲ ಅಭಿನಂದನೆ. ಬ್ರಸೆಲ್ಸಿನಲ್ಲಿ ಆ ಬೆಳಿಗ್ಗೆ ನಾವು ಆರು ಜನ ಉಪಾಹಾರದ ಮೇಜಿನ ಮುಂದೆ ಸೂತಕದ ಮನೆಯವರಂತೆ ಕೂತಿದ್ದೆವು. ಡೆನ್ಮಾರ್ಕಿನವನೊಬ್ಬ ಬಂದು ನನ್ನ ಭುಜ ತಟ್ಟಿದ. "ನಿಮ್ಮೋರು ಎಷ್ಟು ದೊಡ್ಡ ಶ್ರೀಮಂತರು ಕಣಮ್ಮ, ಯಾರೂ ಬೇಡ್ವಂತೆ" ಎಂದ. ಎರಡು ವರ್ಷ ನಾವು ಬರೆದ ಕಾಗದಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ನೆಲಮಾಳಿಗೆಗೆ ಇಳಿಸಿದರು.

ಅರವತ್ತೊಂದು ಜನ ಗೆದ್ದ ಮೇಲೂ ಒಂದು ಮತ ನಿಮ್ಮನ್ನು ಯಾಕೆ ಚುಚ್ಚಬೇಕು? ಮತ ಗುಪ್ತ ಎಂದು ಬರೆದ ಕಾನೂನು ಅಲ್ಲಿಗೂ ಅನ್ವಯಿಸುತ್ತದೆ, ಅಧ್ಯಕ್ಷನಾದ ನಿನಗೆ ನಾನು ಹೇಳಬೇಕಾಗಿಲ್ಲ. ಹಲ್ವಾರ್ಡನನ್ನು ಅವನ ಪಾಡಿಗೆ ಬಿಡಲು ಹೇಳು. ನಾಲ್ಕು ದಿನ ಆಡಿಕೊಂಡು ಜನ ಮರೆಯುತ್ತಾರೆ.

ಕ್ರಿಸ್ಮಸ್ಸಿಗೆ ಬರಲಾಗುವುದಿಲ್ಲ. ಕೆಲಸವಿದೆ.

ಗುನ್‌ವೋರ್

*

ಸ್ಕಾರ್ವ್ ದ್ವೀಪ
14 ಜನವರಿ 1973

ಗುನ್‌ವೋರ್,

ಜನ ಮರೆತಿಲ್ಲ. ಇಲ್ಲಿ ಚಳಿಗಾಲದಲ್ಲಿ ಮರೆಯಲು ಬೇರೆ ಏನು ಕೆಲಸವಿದೆ?

ಮೇಷ್ಟ್ರಿಗೆ ಈಗ ಹೆಸರೇ "ಒಂದು". "ಒಂದು ಬಂತು ನೋಡಿ", "ಒಂದಕ್ಕೆ ಹಾಲು ಇಲ್ವಂತೆ". ಹಾಲಿನ ದೋಣಿ ಬಂದಾಗ ಅವರ ಡಬ್ಬಿ ತುಂಬುವ ಹೊತ್ತಿಗೆ ಹಾಲು ಮುಗಿದಿರುತ್ತದೆ. ಮಂದಿರದಲ್ಲಿ ಅವರು ಹಾರ್ಮೋನಿಯಂ ಮುಟ್ಟಿದರೆ ಯಾರೂ ಹಾಡುವುದಿಲ್ಲ. ಎರಡು ಭಾನುವಾರ ಅವರು ಒಬ್ಬರೇ ಇಡೀ ಸ್ತುತಿ ನುಡಿಸಿ, ಮುಚ್ಚಳ ಹಾಕಿ ಮನೆಗೆ ಹೋದರು. ಮೂರನೇ ಭಾನುವಾರ ಬರಲಿಲ್ಲ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಹಲಗೆಯ ಮೇಲೆ ಯಾರೋ ದೊಡ್ಡದಾಗಿ 1 ಎಂದು ಬರೆದು ಹೋಗುತ್ತಾರೆ. ಬೆಳಿಗ್ಗೆ ಅವರು ಅದನ್ನು ಒರೆಸಿ ಪಾಠ ಶುರು ಮಾಡುತ್ತಾರಂತೆ. ಕಳೆದ ವಾರ ಅದನ್ನು ಬರೆದವಳು ನಮ್ಮ ಬೋರ್ಗ್‌ಹಿಲ್ಡ್. ಬರೆಯದಿದ್ದರೆ ಉಳಿದ ಮಕ್ಕಳು ಆಟಕ್ಕೆ ಸೇರಿಸುವುದಿಲ್ಲವಂತೆ. ನಾನು ಕೆನ್ನೆಗೆ ಬಾರಿಸಿದೆ. ಅಮ್ಮ ನನ್ನನ್ನು ನೋಡಿ, "ಊರಿಗೆಲ್ಲ ಹೊಡೀತೀಯೇನೋ? ಇಲ್ಲಾಂದ್ರೆ ಇವಳಿಗ್ಯಾಕೆ ಹೊಡೆದೆ?" ಎಂದಳು.

ಮೇಷ್ಟ್ರು ಈಸ್ಟರಿಗೆ ರಾಜೀನಾಮೆ ಕೊಡುತ್ತಾರೆ ಎಂದು ಸುದ್ದಿ. ಅವರು ಹೋದರೆ ಈ ಬಂಡೆಯ ಮೇಲೆ ಪಾಠ ಹೇಳಲು ಇನ್ನೊಬ್ಬರು ಬರುತ್ತಾರೆ ಎಂಬ ನಂಬಿಕೆ ನನಗಿಲ್ಲ. ಹದಿಮೂರು ಮಕ್ಕಳಿದ್ದಾರೆ. ಶಾಲೆ ಮುಚ್ಚಿದರೆ ಮಕ್ಕಳಿರುವ ಮನೆಗಳೆಲ್ಲ ಗಂಟು ಕಟ್ಟುತ್ತವೆ.

ಗುನ್‌ವೋರ್, ಆ ಮತ ಅವರದ್ದಲ್ಲ ಎಂದು ಹೇಳಬಲ್ಲವರು ಯಾರಾದರೂ ಎಲ್ಲಾದರೂ ಇದ್ದರೆ, ಈಗಲೇ ಹೇಳಬೇಕು. ಬೇಸಿಗೆಯಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಆಸ್ಮುಂಡ್

*

ಓಸ್ಲೋ
2 ಮೇ 1973

ಆಸ್ಮುಂಡ್,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು.

ಹಲ್ವಾರ್ಡ್ ದ್ವೀಪ ಬಿಟ್ಟು ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದಿದ್ದ. ಎರಡು ಬಟ್ಟಲು ಕಾಫಿ ಕುಡಿದು ಹೋದ. ಚೆನ್ನಾಗಿದ್ದಾನೆ. ಒಳನಾಡಿನಲ್ಲಿ ಯಾವುದೋ ಶಾಲೆಯಲ್ಲಿ ಕೆಲಸ ಸಿಕ್ಕಿದೆಯಂತೆ.

ಪರದೇಶದ ಬಲೆ ಬಂದು ನಿಮ್ಮ ಬದುಕನ್ನು ಬಾಚಿಕೊಂಡು ಹೋಗುತ್ತದೆ ಎಂದು ಹೆದರಿದ್ದಿರಿ. ಬಲೆ ಬರುವ ಮೊದಲೇ ನೀವೇ ಒಬ್ಬ ಮನುಷ್ಯನನ್ನು ಕಿತ್ತು ಸಮುದ್ರಕ್ಕೆ ಎಸೆದಿರಿ. ನೀನು ಅಧ್ಯಕ್ಷನಾಗಿದ್ದೆ, ನಿನ್ನ ಮಾತಿಗೆ ಅಲ್ಲಿ ಬೆಲೆ ಇತ್ತು. ಒಂದು ದಿನವಾದರೂ ಎದ್ದು ನಿಂತು ಸಾಕು ನಿಲ್ಲಿಸಿ ಎಂದೆಯಾ? ಅಂಥ ಊರಿನ ಪಟ್ಟಿಯಲ್ಲಿ ನನ್ನ ಹೆಸರು ಬೇಡ. ಬದಲಾಯಿಸಲು ಅರ್ಜಿ ಕೊಟ್ಟಿದ್ದೇನೆ.

ಗುನ್‌ವೋರ್

*

ಸ್ಕಾರ್ವ್ ದ್ವೀಪ
20 ಆಗಸ್ಟ್ 1973

ಗುನ್‌ವೋರ್,

ಶಾಲೆ ತೆರೆಯಲಿಲ್ಲ. ಎರಡು ಸಲ ಜಾಹೀರಾತು ಕೊಟ್ಟರು. ಬಂದದ್ದು ಒಂದೇ ಅರ್ಜಿ, ಆತನೂ ಒಮ್ಮೆ ಬಂದು ನೋಡಿ ಅದೇ ದೋಣಿಯಲ್ಲಿ ವಾಪಸಾದ.

ಇವತ್ತು ಬೋರ್ಗ್‌ಹಿಲ್ಡ್‌ಳನ್ನು ಆಚೆ ದಡದ ವಸತಿ ಶಾಲೆಗೆ ಬಿಟ್ಟು ಬಂದೆ. ಅವಳಿಗಿನ್ನೂ ಎಂಟು ವರ್ಷ. ದೋಣಿಗಟ್ಟೆಯ ಮೇಲೆ ಅಳಲಿಲ್ಲ. "ನಾನು 1 ಅಂತ ಬರ್ದಿದ್ದಕ್ಕೆ ಕಳಿಸ್ತಿರೋದಾ ಅಪ್ಪ?" ಎಂದು ಕೇಳಿದಳು.

ನೀನು ನನಗೆ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಇನ್ನು ನೀನು ಬರೆಯಬೇಡ, ನಾನೂ ಬರೆಯುವುದಿಲ್ಲ.

ಆಸ್ಮುಂಡ್

*

ಓಸ್ಲೋ
23 ಅಕ್ಟೋಬರ್ 1994

ಅಣ್ಣ,

ಇಪ್ಪತ್ತೊಂದು ವರ್ಷದ ಮೇಲೆ ಈ ಅಕ್ಷರ ನೋಡಿ ಲಕೋಟೆಯನ್ನು ಒಲೆಗೆ ಹಾಕಬೇಡ. ಓದಿ ಹಾಕು.

ಮತ್ತೆ ಅದೇ ಪ್ರಶ್ನೆ, ಮತ್ತೆ ಮತದಾನ. ನಾನು ಈಗ ಊರೂರು ತಿರುಗಿ ಬೇಕು ಎಂದು ಭಾಷಣ ಮಾಡುವವಳು. ಹೋದ ವಾರ ಹಾಮಾರ್ ಪಟ್ಟಣದಲ್ಲಿ ಸಭೆ ಮುಗಿದ ಮೇಲೆ ಪ್ರಶ್ನೆ ಕೇಳುವವರ ಸಾಲಿನ ಕೊನೆಯಲ್ಲಿ ಒಬ್ಬ ನಿಂತಿದ್ದ. ತಲೆಯೆಲ್ಲ ಬೆಳ್ಳಗಾಗಿದೆ, ಕೋಟಿನ ಮೇಲೆ "ಬೇಡ" ಎಂಬ ಬಿಲ್ಲೆ. ಹಲ್ವಾರ್ಡ್. ಒಕ್ಕೂಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ದ್ವೀಪದೋರು ಈಗಲೂ ಅದು ನಾನೇ ಅಂದ್ಕೊಂಡಿದ್ದಾರಾ, ಗುನ್‌ವೋರ್?" ಎಂದ. ನಾನು, "ಯಾರಿಗೆ ನೆನಪಿದೆ ಬಿಡು" ಎಂದೆ. ಅವನು ತಲೆ ಆಡಿಸಿ ಟೋಪಿ ಹಾಕಿಕೊಂಡು ಹೋದ. ರೈಲಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ನಿನಗೆ ಬರೆಯಲೇಬೇಕು ಎಂದು ನಿರ್ಧರಿಸಿದೆ.

ಆ ಮತ ನನ್ನದು.

ಬ್ರಸೆಲ್ಸಿಗೆ ಹೋಗುವ ಮೊದಲು ಓಸ್ಲೋದಲ್ಲೇ ಮುಂಗಡ ಮತ ಹಾಕಿದೆ. ಗುಮಾಸ್ತ ಯಾವ ಊರಿನ ಪಟ್ಟಿ ಎಂದು ಕೇಳಿದ, ಸ್ಕಾರ್ವ್ ಎಂದೆ. ಲಕೋಟೆ ಅಲ್ಲಿಗೇ ಬರುತ್ತದೆ ಎಂದು ಗೊತ್ತಿತ್ತು. ಅಲ್ಲಿ ಹತ್ತು ಹದಿನೈದು ಜನರಾದರೂ ಬೇಕು ಎನ್ನುತ್ತಾರೆ, ಹಲ್ವಾರ್ಡನಂತೂ ಖಂಡಿತ, ಅವರ ನಡುವೆ ನನ್ನದೂ ಒಂದು ಎಂದುಕೊಂಡಿದ್ದೆ. ನಿನ್ನ ಕಾಗದದಲ್ಲಿ ಅರವತ್ತೊಂದಕ್ಕೆ ಒಂದು ಎಂದು ಓದಿದ ಗಳಿಗೆಯಲ್ಲೇ ಗೊತ್ತಾಯಿತು. ಗೊತ್ತಾದದ್ದು ಒಂದಲ್ಲ, ಎರಡು. ಆ ಒಂದು ನಾನು. ಹಲ್ವಾರ್ಡ್ ಬೇಡ ಎಂದು ಹಾಕಿದ್ದ.

ಅವತ್ತೇ ಬರೆಯಬಹುದಿತ್ತು. ಅಮ್ಮನ ಮುಖ ಕಣ್ಣ ಮುಂದೆ ಬಂತು, ಬಾವುಟ ಕಟ್ಟಿದ ದೋಣಿಗಳು ಬಂದವು. ನಾಳೆ ಬರೆದರಾಯಿತು ಎಂದೆ. ನೀನು ಜನವರಿಯಲ್ಲಿ ಬರೆದಾಗ ಮತ್ತೆ ನಾಳೆ ಎಂದೆ. ಏಪ್ರಿಲಿನಲ್ಲಿ ಅವನೇ ಬಂದು ನನ್ನ ಅಡುಗೆಮನೆಯಲ್ಲಿ ಕೂತ. "ನಾನು ಬೇಡ ಅಂತ್ಲೇ ಹಾಕಿದ್ದು. ಹೇಳಿದ್ರೆ ಯಾರೂ ನಂಬಲ್ಲ" ಎಂದ. ನಾನು ಅವನಿಗೆ ಕಾಫಿ ಕೊಟ್ಟೆ. ಎರಡನೇ ಸಲ ಬೇಕೆಂದು ಕೇಳಿದ, ಮತ್ತೆ ಕೊಟ್ಟೆ. ಅವನು ಹೋದ ಮೇಲೆ ಕೂತು ನಿನ್ನನ್ನು ಬೈದು ಆ ಕಾಗದ ಬರೆದೆ. ನನ್ನ ಪಾಪವನ್ನು ನಿನ್ನ ತಲೆಗೆ ಕಟ್ಟಿದೆ, ಅಣ್ಣ.

ನೀನು ಈಗ ಊರವರನ್ನು ಸೇರಿಸಿ ಹೇಳು. ನನ್ನ ಹೆಸರು ಹೇಳು. 

ಗುನ್‌ವೋರ್

*

ಸ್ಕಾರ್ವ್ ದ್ವೀಪ
6 ನವೆಂಬರ್ 1994

ಗುನ್‌ವೋರ್,

ಒಲೆಗೆ ಹಾಕಲಿಲ್ಲ.

ಯಾವ ಊರವರನ್ನು ಸೇರಿಸಲಿ? ಇಲ್ಲಿ ಈಗ ನಾಲ್ಕು ಮನೆಯಲ್ಲಿ ಹೊಗೆ ಏಳುತ್ತದೆ. ಶಾಲೆ ಮುಚ್ಚಿದ ಮೂರು ವರ್ಷದೊಳಗೆ ಮಕ್ಕಳಿದ್ದವರೆಲ್ಲ ಸರ್ಕಾರದ ಸಹಾಯಧನ ತೆಗೆದುಕೊಂಡು ಆಚೆ ದಡಕ್ಕೆ ಹೋದರು. ಆಮೇಲೆ ಹಾಲಿನ ದೋಣಿ ನಿಂತಿತು, ಆಮೇಲೆ ಅಂಚೆ, ಈಗ ಕಾಗದ ತರಲು ಆಚೆ ದಡಕ್ಕೇ ಹೋಗಬೇಕು. ಪರದೇಶದ ಟ್ರಾಲರು ಬರಲಿಲ್ಲ, ಸಮುದ್ರ ನಮ್ಮದಾಗೇ ಉಳಿಯಿತು. ಮೀನು ಹಿಡಿಯುವವರು ಉಳಿಯಲಿಲ್ಲ. ಓಲೌಗ್ ಅಜ್ಜಿ ಎಪ್ಪತ್ನಾಲ್ಕರಲ್ಲಿ ಹೋದಳು. ಅಮ್ಮ ಹೋದಾಗ ನಿನಗೆ ತಂತಿ ಕೊಟ್ಟಿದ್ದೆ, ನೀನು ಹೂವು ಕಳಿಸಿದ್ದೆ. ಹೂವು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. 

ನೀನು ಹೇಳಿದ್ದು ನನಗೆ ಹೊಸದಲ್ಲ. ಮತದ ದಿನ ಬೆಳಿಗ್ಗೆ ಅಂಚೆಯ ಲಕೋಟೆಗಳನ್ನು ಬಿಚ್ಚಿ ಹೆಸರಿಗೆ ಗೀಟು ಹಾಕಿದವನು ನಾನು. ಓಲೌಗ್ ಅಜ್ಜಿ ಅವತ್ತು ಕನ್ನಡಕ ಮರೆತು ಬಂದಿದ್ದಳು. "ನೀನೇ ಓದ್ಕೋ ಮಗ, ನಂಗೆ ನನ್ನ ಕೈಯೇ ಕಾಣ್ತಿಲ್ಲ" ಎಂದಳು. ಎರಡು ಲಕೋಟೆ ಹಡಗಿನ ಮೇಲಿದ್ದ ಹುಡುಗರದ್ದು. ಮೂರನೆಯದರ ಮೇಲೆ ನಿನ್ನ ಹೆಸರು. ಮೂರನ್ನೂ ಪೆಟ್ಟಿಗೆಗೆ ಹಾಕಿದೆ. ಸಂಜೆ "ಬೇಕು" ಎಂಬ ಚೀಟಿ ಬಿಚ್ಚಿದಾಗ ಅದು ಯಾರದ್ದೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಿನ್ನ ಹೆಸರು ಇಲ್ಲೇ ಇರಲಿ ಎಂದು ಗೋಗರೆದವನೂ ನಾನೇ ಅಲ್ಲವೇ? ಮಾಡಿದ್ದುಣ್ಣೋ ಮಹಾರಾಯ.

ಬಾಯಿ ಬಿಡಬಾರದೆಂದು ಕಾನೂನಿತ್ತು. ಅದು ನೆಪ ಎಂದು ನನಗೆ ಗೊತ್ತು. ಹೆಸರು ಹೇಳದೆಯೂ, "ಅದು ಮೇಷ್ಟ್ರದ್ದಲ್ಲ, ಅಧ್ಯಕ್ಷ ನಾನು ಹೇಳ್ತೀನಿ" ಎನ್ನಬಹುದಿತ್ತು. ಅಂದಿದ್ದರೆ ಮಾರನೇ ದಿನವೇ ಜನ ಲಕೋಟೆ ಲೆಕ್ಕ ಹಾಕುತ್ತಿದ್ದರು, ನಿನ್ನ ಹೆಸರಿಗೆ ಬಂದು ಮುಟ್ಟುತ್ತಿದ್ದರು. ಅಮ್ಮ ಆ ಬೀದಿಯಲ್ಲಿ ಹೇಗೆ ಓಡಾಡಬೇಕು? ನೀನು ಯಾವ ಮುಖ ಹೊತ್ತು ಕ್ರಿಸ್ಮಸ್ಸಿಗೆ ಬರಬೇಕು? ಪರಊರಿನ ಮೇಷ್ಟ್ರು, ಹೇಗೂ ಒಂದು ದಿನ ಹೋಗುವವರು ಎಂದುಕೊಂಡೆ. ಎರಡು ಸಲ ನಿನಗೆ ಸೂಚನೆ ಕೊಟ್ಟು ಬರೆದೆ. ನೀನಾಗಿ ಹೇಳಲಿ ಎಂದು ಕಾದೆ. ನೀನು ನನ್ನನ್ನೇ ಬೈದೆ, ನಾನು ಬೈಸಿಕೊಂಡೆ. ನಿನ್ನನ್ನು ಉಳಿಸಿಕೊಳ್ಳಲು ಅವರನ್ನು ಕೊಟ್ಟೆ. ಕೊನೆಗೆ ನೀನೂ ಉಳಿಯಲಿಲ್ಲ. ಬೋರ್ಗ್‌ಹಿಲ್ಡ್ ಎಂಟು ವರ್ಷಕ್ಕೆ ಹೋದವಳು ಈಗ ವರ್ಷಕ್ಕೆ ಒಮ್ಮೆ ನೆಂಟಳ ಹಾಗೆ ಬರುತ್ತಾಳೆ.

ಇದರ ಜೊತೆ ಒಂದು ಹಾಳೆ ಇದೆ. ಹಲ್ವಾರ್ಡ್ ಮೇಷ್ಟ್ರಿಗೆ ಬರೆದದ್ದು. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ, ಕ್ಷಮೆ ಕೇಳಿದ್ದೇನೆ. ಕೆಳಗೆ ನನ್ನ ಸಹಿ ಇದೆ, ಅದರ ಪಕ್ಕದಲ್ಲಿ ನಿನ್ನದಕ್ಕೆ ಜಾಗ ಬಿಟ್ಟಿದ್ದೇನೆ. ಸಹಿ ಹಾಕಿ ನೀನೇ ಅಂಚೆಗೆ ಹಾಕು.

ಅಣ್ಣ

*

ಓಸ್ಲೋ
12 ಜನವರಿ 1995

ಪ್ರೀತಿಯ ಅಣ್ಣ,

ನಿನಗೆ ಎಲ್ಲ ಗೊತ್ತಿತ್ತು ಎಂದು ಓದಿ ನಾನು ಇಡೀ ದಿನ ಕಚೇರಿಗೆ ಹೋಗಲಿಲ್ಲ. 

ಮತ್ತೆ ಬೇಡ ಗೆದ್ದಿತು. ಈ ಸಲ ಅಳಲಿಲ್ಲ. ಈ ನಾಡಿನವರ ಮನಸ್ಸು ನನಗೆ ಅರ್ಥವಾಗುವುದನ್ನು ಬಿಟ್ಟೇ ಎಷ್ಟೋ ಕಾಲವಾಯಿತು. ಒಕ್ಕೂಟದವರು ಮಾಡಿದ ಕಾನೂನು ಪಾಲಿಸುತ್ತೇವೆ, ವಂತಿಗೆಯನ್ನೂ ಕೊಡುತ್ತೇವೆ, ಕೋಣೆಯ ಒಳಗೆ ಕೂರುವುದು ಮಾತ್ರ ಬೇಡ. ಹೊರಗೆ ಜಗಲಿಯಲ್ಲಿ ಕೂತು ಸ್ವತಂತ್ರರು ಎಂದು ಬೀಗುತ್ತೇವೆ. ಹಾಗಿದ್ದರೂ ಜಗಲಿಯಲ್ಲಿ ಕೂರಲು ಒಬ್ಬರು ಬೇಕಲ್ಲ. ಮಾರ್ಚಿನಿಂದ ನನ್ನನ್ನು ಬ್ರಸೆಲ್ಸಿನ ನಮ್ಮ ಕಚೇರಿಗೆ ನೇಮಿಸುತ್ತಾರೆ. ಪತ್ರಿಕೆಯಲ್ಲಿ ಹೆಸರು ಬರುತ್ತದೆ.

ಅದಕ್ಕೇ ಹಾಳೆಯನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ತಪ್ಪು ತಿಳಿಯಬೇಡ. ಹಲ್ವಾರ್ಡ್ ಅದನ್ನು ಯಾರಿಗಾದರೂ ತೋರಿಸಿದರೆ, ಅದು ಯಾರದೋ ಕೈಗೆ ಸಿಕ್ಕಿದರೆ, ಬೇಕು ಎಂದು ಭಾಷಣ ಮಾಡುವವಳು ತಾನು ಹಾಕಿದ ಬೇಕು ಮತವನ್ನೇ ಒಪ್ಪಿಕೊಳ್ಳಲಿಲ್ಲವಂತೆ ಎಂದು ಬರೆಯುತ್ತಾರೆ. ನಿನಗೂ ಒಳ್ಳೆಯದಲ್ಲ, ಅಧ್ಯಕ್ಷನಾಗಿದ್ದವನು ಮತದ ಗುಟ್ಟು ಬಿಟ್ಟ ಹಾಗಾಗುತ್ತದೆ. ಅಕ್ಟೋಬರಿನಲ್ಲಿ ಆವೇಶದಲ್ಲಿ ಬರೆದೆ. ನಿಧಾನವಾಗಿ ಯೋಚಿಸಿದರೆ, ಇಷ್ಟು ವರ್ಷದ ಮೇಲೆ ಹಳೇ ಹುಣ್ಣನ್ನು ಕೆರೆದು ಅವನಿಗಾದರೂ ಏನು ಸಿಗುತ್ತದೆ? ಬ್ರಸೆಲ್ಸಿನ ಕೆಲಸ ಮುಗಿದು ಬಂದ ಮೇಲೆ ನಾನೇ ಹೋಗಿ ಎದುರಿಗೆ ಕೂತು ಹೇಳುತ್ತೇನೆ. ಮಾತು ಕೊಡುತ್ತೇನೆ. 

ಈ ಬೇಸಿಗೆಗೆ ನಿನ್ನನ್ನು ನೋಡಲು ಬರಲೇ?

ನಿನ್ನ ತಂಗಿ,
ಗುನ್‌ವೋರ್

*

ಸ್ಕಾರ್ವ್ ದ್ವೀಪ
26 ಫೆಬ್ರವರಿ 1995

ಗುನ್‌ವೋರ್,

ಹಾಳೆ ಬಂತು. ಸಹಿಯ ಜಾಗ ಖಾಲಿ. ಅದರಲ್ಲಿ ನಿನ್ನ ಹೆಸರಿದ್ದ ಸಾಲುಗಳನ್ನು ಬಿಟ್ಟು ಬೇರೆ ಹಾಳೆಯಲ್ಲಿ ಬರೆದೆ. "ಆ ಮತ ನಿಮ್ಮದಲ್ಲ ಎಂದು ಅಂದೇ ನನಗೆ ಗೊತ್ತಿತ್ತು, ಸುಮ್ಮನಿದ್ದೆ" ಎಂದಷ್ಟೇ ಹೇಳಿ, ನನ್ನೊಬ್ಬನ ಸಹಿ ಹಾಕಿ ಮೇಷ್ಟ್ರಿಗೆ ಕಳಿಸಿದೆ. ನಿನ್ನನ್ನು ಈ ಸಲವೂ ಮುಚ್ಚಿಟ್ಟೆ. ಹಳೇ ಚಾಳಿ.

ನವೆಂಬರಿನಲ್ಲಿ ಆಚೆ ದಡಕ್ಕೆ ಹೋಗಿ ನಾನು ಮತ್ತೆ ಬೇಡ ಎಂದೇ ಹಾಕಿದೆ. ಬೇಡ ಎಂದದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ನೀನು ಬೇಕು ಎಂದದ್ದೂ ತಪ್ಪಲ್ಲ. ಅದನ್ನು ಅವತ್ತೇ ಹೇಳಲು ನನಗೆ ಬಾಯಿ ಬರಲಿಲ್ಲ.

ಮೇಷ್ಟ್ರಿಂದ ನಿನ್ನೆ ಉತ್ತರ ಬಂತು. ಅಕ್ಷರ ಇನ್ನೂ ಹಾಗೇ ಇದೆ. ಇಲ್ಲಿ ಹಾಗೇ ಇಳಿಸುತ್ತೇನೆ:

"ಆಸ್ಮುಂಡ್ ಅವರೇ, ನಿಮಗೆ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ಹೇಳಿದ್ದಕ್ಕೆ ಕೃತಜ್ಞ. ಯಾರದ್ದು ಎಂದು ನೀವು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಅದು ನನಗೆ ಎಪ್ಪತ್ಮೂರರ ಏಪ್ರಿಲಿನಲ್ಲೇ ತಿಳಿಯಿತು. ನಾನು ಬೇಡ ಎಂದು ಹಾಕಿದೆ ಎಂದಾಗ ನಿಮ್ಮ ತಂಗಿ ಅದು ಹೌದೇ ಎಂದು ಕೇಳಲಿಲ್ಲ, ಮತ್ತೆ ಯಾರು ಎಂದೂ ಕೇಳಲಿಲ್ಲ. ಎದ್ದು ಹೋಗಿ ಕಾಫಿ ತಂದಳು. ಹೇಳುತ್ತಾಳೆ ಎಂದು ಬಟ್ಟಲು ಖಾಲಿಯಾಗುವವರೆಗೆ ಕಾದೆ. ಹೇಳಲಿಲ್ಲ. ನನಗೆ ಕಾಫಿ ಬೇಕಿರಲಿಲ್ಲ, ಆದರೂ ಇನ್ನೊಂದು ಬಟ್ಟಲು ಕೇಳಿದೆ. ಹೋದ ಅಕ್ಟೋಬರಿನಲ್ಲಿ ಹಾಮಾರಿನಲ್ಲಿ ಕೊನೆಯ ಸಲ ಕೇಳಿದೆ. ಇನ್ನು ಕಾಯುವುದಿಲ್ಲ ಎಂದು ಅವಳಿಗೆ ತಿಳಿಸಿ. ಬೋರ್ಗ್‌ಹಿಲ್ಡ್ ಹೇಗಿದ್ದಾಳೆ? ಹಲಗೆಯ ಮೇಲೆ ಬರೆದ ಮಕ್ಕಳಲ್ಲಿ ಸಂಜೆ ಹಿಂದೆ ಬಂದು ಅಳಿಸಿದವಳು ಅವಳೊಬ್ಬಳೇ."

ಬೋರ್ಗ್‌ಹಿಲ್ಡ್‌ಗೆ ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಮೇಷ್ಟ್ರ ವಿಳಾಸ ಕೇಳಿದಳು, ಕೊಟ್ಟೆ.

ನೀನು ಬೇಸಿಗೆಗೆ ಬರಲೇ ಎಂದು ಕೇಳಿದ್ದೀಯ. ಬೇಡ.

ಆಸ್ಮುಂಡ್